ತೈಲಬಾವಿಗೆ ಹೋಗುವ ಹಡಗನ್ನು ತಪಾಸಣೆ ಮಾಡುವುದು ಹೇಗೆ? ಓಡಿಸಿ ನೋಡಿ, ಆಮೇಲೆ ನಂಬಿ

2005ರ ಜುಲೈ 27. ಮುಂಬೈನಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಸಮುದ್ರದ ನಡುವೆ ಇರುವ ಮುಂಬೈ ಹೈ ತೈಲಕ್ಷೇತ್ರ. ಮಳೆಗಾಲದ ಗಾಳಿ, ಎತ್ತರದ ಅಲೆ. ಸಮುದ್ರ ಸುರಕ್ಷಾ ಎಂಬ ಸಪೋರ್ಟ್ ಹಡಗಿನಲ್ಲಿ ಅಡುಗೆ ಮಾಡುವವರೊಬ್ಬರ ಬೆರಳಿನ ತುದಿ ಕತ್ತರಿಸಿ ಹೋಗಿತ್ತು. ಆ ಹವೆಯಲ್ಲಿ ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಕ್ರೇನಿಗೆ ಬುಟ್ಟಿ ಕಟ್ಟಿ ಅವರನ್ನು ತೈಲ ತೆಗೆಯುವ ಪ್ಲಾಟ್‌ಫಾರ್ಮ್‌ಗೆ ಏರಿಸೋಣ ಎಂದು ಹಡಗು ಹತ್ತಿರ ಬಂತು. ಗಾಳಿಮರೆಯ ಬದಿಯ ಕ್ರೇನ್ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಗಾಳಿ ಹೊಡೆಯುವ ಬದಿಯಿಂದಲೇ ಹೋಗಬೇಕಾಯಿತು. ಹಡಗನ್ನು ಬೇಕಾದ ಕಡೆಗೆ ತಳ್ಳುವ ಥ್ರಸ್ಟರ್‌ನಲ್ಲೂ ತೊಂದರೆ ಇತ್ತು. ಗಾಯಾಳುವನ್ನು ಮೇಲಕ್ಕೆ ಕಳಿಸಿದ್ದೂ ಆಯಿತು. ಅಷ್ಟರಲ್ಲಿ ಒಂದು ದೊಡ್ಡ ಅಲೆ ಹಡಗನ್ನು ಎತ್ತಿ ಒಗೆಯಿತು, ಹಡಗಿನ ಹೆಲಿಡೆಕ್ (ಹೆಲಿಕಾಪ್ಟರ್ ಇಳಿಯುವ ಕಟ್ಟೆ) ಹೋಗಿ, ಸಮುದ್ರತಳಕ್ಕೂ ಪ್ಲಾಟ್‌ಫಾರ್ಮ್‌ಗೂ ನಡುವೆ ಗ್ಯಾಸ್ ಸಾಗಿಸುವ ರೈಸರ್ ಪೈಪಿಗೆ ಬಡಿಯಿತು. ಗ್ಯಾಸ್ ಹೊರಬಂತು, ಬೆಂಕಿ ಹತ್ತಿತು. ಸುಮಾರು ಎರಡು ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ಸುಟ್ಟುಹೋಯಿತು. 22 ಜನ ಸತ್ತರು.

ತಪಾಸಣೆಗೆ ಅಂತ ಯಾವುದೇ ಹಡಗು ಹತ್ತುವ ಮುಂಚೆ ನಾನು ಈ ಘಟನೆಯನ್ನು ಒಮ್ಮೆ ಮನಸ್ಸಿನಲ್ಲಿ ಓಡಿಸಿಕೊಳ್ಳುತ್ತೇನೆ. ಯಾಕೆಂದರೆ ಇದರಲ್ಲಿ ಒಂದೊಂದೇ ವಿಷಯ ತೆಗೆದು ನೋಡಿದರೆ ಎಲ್ಲವೂ ಸಣ್ಣದೇ. ಒಂದು ಕ್ರೇನ್ ಕೆಟ್ಟಿದೆ. ಒಂದು ಥ್ರಸ್ಟರ್ ಸರಿ ಇಲ್ಲ. ಒಬ್ಬರ ಕೈಗೆ ಗಾಯ. ಮೂರೂ ಒಂದೇ ಸಂಜೆ ಸೇರಿದಾಗ ಏನಾಗುತ್ತದೆ ಅನ್ನುವುದನ್ನು ಮುಂಚೆಯೇ ಯೋಚಿಸುವುದು, ತಪಾಸಣೆ ಅಂದರೆ ಅದೇ.

ನಮ್ಮ ಮಂಗಳೂರು, ಉಡುಪಿ, ಕಾರವಾರದ ಕಡೆಯ ಹುಡುಗರು ತುಂಬಾ ಜನ ಈ ಹಡಗುಗಳಲ್ಲಿದ್ದಾರೆ. ಪ್ಲಾಟ್‌ಫಾರ್ಮ್‌ಗೆ ಡೀಸೆಲ್, ನೀರು, ಸಿಮೆಂಟು, ಪೈಪು ಒಯ್ಯುವ ಸಪ್ಲೈ ಹಡಗು, ರಿಗ್‌ನ ಲಂಗರು ಎತ್ತಿ ಇಡುವ ಆಂಕರ್ ಹ್ಯಾಂಡ್ಲರ್, ಜನರನ್ನು ಕರೆದೊಯ್ಯುವ ಕ್ರ್ಯೂ ಬೋಟ್, ಡೈವಿಂಗ್ ಹಡಗು, ಟಗ್, ಬಾರ್ಜ್, ಎಲ್ಲವೂ ಈ ಗುಂಪಿಗೇ ಸೇರಿದ್ದು. ಹೊಸದಾಗಿ ಆಫೀಸರ್ ಆದವರಿಗೆ 'ನಾಳೆ ಇನ್‌ಸ್ಪೆಕ್ಟರ್ ಬರ್ತಾರೆ, ರೆಡಿ ಮಾಡು' ಅಂದರೆ ಕೈಕಾಲು ಆಡುವುದಿಲ್ಲ. ಇನ್‌ಸ್ಪೆಕ್ಟರ್ ಏನೇನು ನೋಡಬೇಕು ಅನ್ನುವುದನ್ನು ಮುಖ್ಯವಾಗಿ ಅವರಿಗಾಗಿ ಬರೆಯುತ್ತಿದ್ದೇನೆ. ತಪಾಸಣೆಯ ಕೆಲಸಕ್ಕೇ ಬರಬೇಕು ಅಂದುಕೊಂಡವರಿಗೂ ಉಪಯೋಗವಾಗಬಹುದು.

ಮೊದಲು ಕೇಳಿ: ಈ ಹಡಗು ನಾಳೆ ಮಾಡುವ ಕೆಲಸ ಯಾವುದು?

'ಹಡಗು ಚೆನ್ನಾಗಿದೆಯಾ?' ಅಂತ ಕೇಳಿದರೆ ಉತ್ತರವೇ ಸಿಗುವುದಿಲ್ಲ. ಸಪ್ಲೈ ಕೆಲಸಕ್ಕೆ ಸರಿಯಾಗಿರುವ ಹಡಗು ಡೈವಿಂಗ್ ಕೆಲಸಕ್ಕೆ ಆಗದೆ ಇರಬಹುದು. ಜನರನ್ನು ಬುಟ್ಟಿಯಲ್ಲಿ ಏರಿಸುವುದಿದೆಯಾ? ಪ್ಲಾಟ್‌ಫಾರ್ಮ್ ಪಕ್ಕದಲ್ಲೇ ಗಂಟೆಗಟ್ಟಲೆ ನಿಲ್ಲಬೇಕಾ? ಮಳೆಗಾಲದಲ್ಲಾ, ಬೇಸಿಗೆಯಲ್ಲಾ? ಇದನ್ನು ಹಡಗು ಬಾಡಿಗೆಗೆ ತೆಗೆದುಕೊಳ್ಳುವವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಪ್ರಶ್ನೆಯೂ ಇದರಿಂದಲೇ ಹುಟ್ಟುತ್ತವೆ.

ಯಾವ ನಮೂನೆಯಲ್ಲಿ ವರದಿ ಬರೆಯಬೇಕು ಅನ್ನುವುದನ್ನೂ ಈಗಲೇ ತಿಳಿದುಕೊಳ್ಳಿ. ಮುಖ್ಯವಾಗಿ ಎರಡು ಪದ್ಧತಿ ಇವೆ. ಒಂದು, ಸಮುದ್ರದಲ್ಲಿ ಕೆಲಸ ಮಾಡುವ ಗುತ್ತಿಗೆದಾರರ ಸಂಘವಾದ ಇಮ್ಕಾದ ಇ-ಸಿಎಂಐಡಿ. ಸಣ್ಣ ಟಗ್, ವರ್ಕ್‌ಬೋಟ್‌ಗಳಿಗೆ ಅದರದ್ದೇ ಚಿಕ್ಕ ರೂಪ ಇದೆ, ಇ-ಎಂಐಎಸ್‌ಡಬ್ಲ್ಯೂ ಅಂತ. ಇನ್ನೊಂದು, ತೈಲ ಕಂಪನಿಗಳ ವೇದಿಕೆಯಾದ ಓಸಿಐಎಂಎಫ್ 2010ರಲ್ಲಿ ಶುರು ಮಾಡಿದ ಓವಿಡ್. ಎರಡರಲ್ಲೂ ಪಾಸು, ಫೇಲು ಅನ್ನುವುದು ಇಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಇನ್‌ಸ್ಪೆಕ್ಟರ್ ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತಾರೆ ಅಷ್ಟೇ. ಅದನ್ನು ಓದಿ ಈ ಹಡಗು ನಮ್ಮ ಕೆಲಸಕ್ಕೆ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಬಾಡಿಗೆಗೆ ತೆಗೆದುಕೊಳ್ಳುವವರ ಜವಾಬ್ದಾರಿ.

ಕಾಗದ ಬೇಗ ಮುಗಿಸಿ

ಸರ್ಟಿಫಿಕೇಟುಗಳ ಪ್ರತಿಯನ್ನು ಹಿಂದಿನ ದಿನವೇ ತರಿಸಿಕೊಂಡು ಮನೆಯಲ್ಲೇ ಓದಿ. ಕ್ಲಾಸ್, ಲೋಡ್‌ಲೈನ್ (ಎಷ್ಟು ಭಾರ ಹೇರಬಹುದು), ಸೇಫ್ಟಿ ಇಕ್ವಿಪ್‌ಮೆಂಟ್, ರೇಡಿಯೋ, ಐಎಸ್‌ಎಂ (ಸುರಕ್ಷತೆಯ ನಿರ್ವಹಣೆ), ಎಂಎಲ್‌ಸಿ (ನಾವಿಕರ ಕೆಲಸದ ಷರತ್ತು), ಸೇಫ್ ಮ್ಯಾನಿಂಗ್ (ಕನಿಷ್ಠ ಸಿಬ್ಬಂದಿ). ಇವುಗಳ ತಾರೀಖು ನೋಡುವುದು ಯಾರಿಗಾದರೂ ಬರುತ್ತದೆ. ನೀವು ನೋಡಬೇಕಾದ್ದು ಹಡಗಿನ ಕಟ್ಟು, ಯಂತ್ರ ಪರೀಕ್ಷಿಸುವ ಕ್ಲಾಸ್ ಸಂಸ್ಥೆ ಕೊಟ್ಟ ಸ್ಟೇಟಸ್ ವರದಿಯನ್ನು. 'ಇಷ್ಟು ತಾರೀಖಿನೊಳಗೆ ಇದನ್ನು ರಿಪೇರಿ ಮಾಡಬೇಕು' ಅಂತ ಬರೆದಿರುವ ಷರತ್ತುಗಳು ಅದರಲ್ಲಿ ಇರುತ್ತವೆ. ಹಿಂದಿನ ತಪಾಸಣೆಯ ವರದಿಯನ್ನೂ ಜೊತೆಗಿಟ್ಟು ಓದಿ. ಹೋದ ವರ್ಷ ಬರೆದ ದೋಷವೇ ಈ ವರ್ಷವೂ ಇದ್ದರೆ ಅದು ಆ ಬೋಲ್ಟಿನ ಅಥವಾ ಆ ಬಾಗಿಲಿನ ತೊಂದರೆ ಮಾತ್ರ ಅಲ್ಲ, ಹಡಗನ್ನು ನಡೆಸುವವರು ವರದಿಯನ್ನು ಓದುವುದೇ ಇಲ್ಲ ಅಂತ ಅರ್ಥ.

ಕಾಗದದಲ್ಲೇ ಅರ್ಧ ದಿನ ಕಳೆಯಬೇಡಿ. ಎಷ್ಟೋ ಜನ ಎ.ಸಿ. ಇರುವ ಆಫೀಸಿನಲ್ಲಿ ಫೈಲು ತಿರುವುತ್ತಾ ಕೂತು, ಸಂಜೆ ನಾಲ್ಕಕ್ಕೆ ಡೆಕ್ ಮೇಲೆ ಒಂದು ಸುತ್ತು ಹಾಕಿ ಇಳಿದುಬಿಡುತ್ತಾರೆ. ನನ್ನ ಪ್ರಕಾರ ಇದು ದೊಡ್ಡ ತಪ್ಪು.

ಡೆಕ್ ಮೇಲೆ ನಡೆಯಿರಿ, ಕೈಯಿಂದ ಮುಟ್ಟಿ

ಹಡಗಿನ ಹಿಂದಿನ ತುದಿಯಿಂದ ಶುರು ಮಾಡಿ. ಈ ಹಡಗುಗಳ ಹಿಂಭಾಗ ನೀರಿಗೆ ತೀರಾ ಹತ್ತಿರ, ಅಲೆ ಸೀದಾ ಡೆಕ್ ಮೇಲೆ ಬರುತ್ತದೆ. ಬಂದ ನೀರು ಹೊರಗೆ ಹೋಗಲು ಬದಿಯಲ್ಲಿ ಕಿಂಡಿಗಳಿರುತ್ತವೆ. ಅವುಗಳಿಗೆ ಅಡ್ಡವಾಗಿ ಸರಕು ಇಟ್ಟಿದ್ದಾರಾ, ಬಾಗಿಲು ತುಕ್ಕು ಹಿಡಿದು ಅಂಟಿಕೊಂಡಿದೆಯಾ ನೋಡಿ. ನೀರು ಒಳಗೆ ಬರದಂತೆ ಬಿಗಿಯಾಗಿ ಮುಚ್ಚುವ ಬಾಗಿಲುಗಳನ್ನು ನೀವೇ ಮುಚ್ಚಿ ತೆಗೆಯಿರಿ. ರಬ್ಬರಿನ ಮೇಲೆ ಪೇಂಟ್ ಬಳಿದಿದ್ದರೆ ಅದು ನೀರು ತಡೆಯುವುದಿಲ್ಲ. ಟ್ಯಾಂಕುಗಳ ಗಾಳಿಪೈಪಿನ ಮುಚ್ಚಳ ಆಡುತ್ತಿದೆಯಾ ನೋಡಿ.

ಆಮೇಲೆ ಲೈಫ್‌ರಾಫ್ಟ್, ಅಂದರೆ ಹಡಗು ಬಿಡಬೇಕಾದಾಗ ಜನ ಹತ್ತುವ ಗಾಳಿ ತುಂಬಿದ ತೆಪ್ಪ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆ ಅಲ್ವಾ? ಮುಂಬೈ ಹೈನಲ್ಲಿ ಪಿ-305 ಎಂಬ ಬಾರ್ಜ್‌ನಲ್ಲಿ 261 ಜನ ಇದ್ದರು. ಲಂಗರು ಕಿತ್ತುಕೊಂಡಿತು, ಬಾರ್ಜ್ ತೇಲುತ್ತಾ ಹೋಗಿ ಪ್ಲಾಟ್‌ಫಾರ್ಮ್‌ಗೆ ಬಡಿದು, ಮೇ 17ರಂದು ಮುಳುಗಿತು. 70ಕ್ಕೂ ಹೆಚ್ಚು ಜನ ಹೋದರು. ರಾಫ್ಟ್‌ಗಳು ತೂತಾಗಿದ್ದವು ಎಂದು ಬದುಕಿ ಬಂದವರು ಆಗ ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. ಅದಕ್ಕೇ ನಾನು ಪ್ರತಿ ರಾಫ್ಟಿನ ಮುಂದೆಯೂ ಮಂಡಿಯೂರಿ ನೋಡುತ್ತೇನೆ. ಹನ್ನೆರಡು ತಿಂಗಳಿಗೊಮ್ಮೆ ಸರ್ವಿಸ್ ಆಗಬೇಕು, ಆಗಿದೆಯಾ? ಹಡಗು ಮುಳುಗಿದಾಗ ನೀರಿನ ಒತ್ತಡಕ್ಕೆ ತಾನಾಗಿ ಬಿಚ್ಚಿಕೊಳ್ಳುವ ಸಣ್ಣ ಡಬ್ಬಿ ಇರುತ್ತದೆ, ಅದರ ಅವಧಿ ಮುಗಿದಿದೆಯಾ? ರಾಫ್ಟಿನ ಹಗ್ಗವನ್ನು ಆ ಡಬ್ಬಿಯ ವೀಕ್ ಲಿಂಕ್‌ಗೆ (ಜೋರಾಗಿ ಎಳೆದರೆ ಕಿತ್ತುಹೋಗುವ ಕೊಂಡಿ) ಕಟ್ಟಿದ್ದಾರಾ, ಇಲ್ಲ ನೇರವಾಗಿ ಹಡಗಿನ ಕಬ್ಬಿಣಕ್ಕೇ ಬಿಗಿದಿದ್ದಾರಾ? ನೇರವಾಗಿ ಬಿಗಿದರೆ ರಾಫ್ಟ್ ಹಡಗಿನ ಜೊತೆಗೇ ಕೆಳಗೆ ಹೋಗುತ್ತದೆ. ಈ ತಪ್ಪನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ಸರಿ ಮಾಡಲು ಹತ್ತು ನಿಮಿಷ ಸಾಕು.

ಹೇಳಿಸಿಕೊಳ್ಳಬೇಡಿ, ಓಡಿಸಿ

'ಎಮರ್ಜೆನ್ಸಿ ಫೈರ್ ಪಂಪ್ ಸರಿ ಇದೆ ಸರ್, ಪ್ರತಿ ವಾರ ಟೆಸ್ಟ್ ಮಾಡ್ತೀವಿ.' ಒಂದು ಹಡಗಿನಲ್ಲಿ ನನಗೆ ಹೀಗೆ ಹೇಳಿದ್ದರು. ಪುಸ್ತಕದಲ್ಲೂ ಪ್ರತಿ ವಾರ ಸಹಿ ಇತ್ತು. ಸ್ಟಾರ್ಟ್ ಮಾಡಿ ಅಂದೆ. ಪಂಪ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಒಳ್ಳೆಯ ಸದ್ದು. ಹೋಸ್ ತೆರೆದರೆ ಒಂದು ಹನಿ ನೀರಿಲ್ಲ. ಸಮುದ್ರದಿಂದ ನೀರೆಳೆಯುವ ಬಾಯಿ ಚಿಪ್ಪು ಬೆಳೆದು ಮುಚ್ಚಿಹೋಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಪ್ರತಿ ವಾರ ಪಂಪ್ ಓಡಿಸುತ್ತಿದ್ದದ್ದು ನಿಜ. ನೀರು ಬರುತ್ತದಾ ಅಂತ ಮಾತ್ರ ಯಾರೂ ನೋಡಿರಲಿಲ್ಲ.

ಹಾಗಾಗಿ ಎರಡು ಹೋಸ್ ಬಿಚ್ಚಿಸಿ, ಒಟ್ಟಿಗೆ ನೀರು ಬಿಡಿಸಿ. ಎಮರ್ಜೆನ್ಸಿ ಜನರೇಟರ್ ತಾನಾಗಿ ಶುರುವಾಗಿ 45 ಸೆಕೆಂಡಿನೊಳಗೆ ಕರೆಂಟ್ ಕೊಡಬೇಕು, ಗಡಿಯಾರ ಹಿಡಿದು ನೋಡಿ. ಲೈಫ್‌ಬೋಟ್ ಎಂಜಿನ್ ಸ್ಟಾರ್ಟ್ ಮಾಡಿಸಿ. ರೆಸ್ಕ್ಯೂ ಬೋಟನ್ನು ಬಂದರಿನ ಅನುಮತಿ ಸಿಕ್ಕರೆ ನೀರಿಗೆ ಇಳಿಸಿ. ಬೆಂಕಿಯ ಅಣಕು ಕಸರತ್ತು ಮಾಡಿಸುವಾಗ ಎಲ್ಲಿ ಬೆಂಕಿ ಅಂತ ಮುಂಚೆ ಹೇಳಬೇಡಿ. ಚೀಫ್ ಎಂಜಿನಿಯರ್ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ ಅಂತ ಹೇಳಿ, ಅವರಿಲ್ಲದೆ ಉಳಿದವರು ಏನು ಮಾಡುತ್ತಾರೆ ನೋಡಿ. ಎಂಜಿನ್ ರೂಮಿನ ಬೆಂಕಿ ಆರಿಸಲು ಸಿಒ2 ಅನಿಲ ಬಿಡುವ ಕ್ರಮವನ್ನು ಸೆಕೆಂಡ್ ಎಂಜಿನಿಯರ್ ಬಾಯಲ್ಲಿ ಹೇಳಿಸಿ. ಇದನ್ನು ಮಾತ್ರ ಓಡಿಸಿ ನೋಡಬೇಡಿ, ಬಾಯಲ್ಲೇ ಸಾಕು!

ಆಂಕರ್ ಹ್ಯಾಂಡ್ಲರ್ ಆದರೆ ಚೈನು ಎಳೆಯುವ ವಿಂಚಿನ ಎಮರ್ಜೆನ್ಸಿ ರಿಲೀಸ್ (ಅಪಾಯದಲ್ಲಿ ಚೈನು ಬಿಟ್ಟುಬಿಡುವ ವ್ಯವಸ್ಥೆ) ಬಗ್ಗೆ ಬಿಡದೆ ಕೇಳಿ. 2007ರ ಏಪ್ರಿಲ್ 12ರಂದು ಶೆಟ್ಲೆಂಡ್ ದ್ವೀಪಗಳ ಹತ್ತಿರ ಬೋರ್ಬನ್ ಡಾಲ್ಫಿನ್ ಎಂಬ ನಾರ್ವೆಯ ಹಡಗು ರಿಗ್‌ನ ಲಂಗರು ಇಡುತ್ತಿದ್ದಾಗ ಮಗುಚಿತು. 15 ಜನರಲ್ಲಿ 8 ಜನ ಸತ್ತರು. ಹೊಸತೇ ಹಡಗು. ಭಾರದ ಚೈನು ಬದಿಗೆ ಸರಿದು ಹಡಗನ್ನು ಎಳೆಯಿತು, ರಿಲೀಸ್ ಒತ್ತಿದರೂ ಚೈನು ಬೇಕಾದಷ್ಟು ಬೇಗ ಬಿಚ್ಚಿಕೊಳ್ಳಲಿಲ್ಲ. ಹೊಸ ಕ್ಯಾಪ್ಟನ್‌ಗೆ ಹ್ಯಾಂಡೋವರ್‌ಗೆ ಸಿಕ್ಕಿದ್ದ ಸಮಯವೂ ತೀರಾ ಕಡಿಮೆ. ಆದ್ದರಿಂದ ಕ್ಯಾಪ್ಟನ್‌ಗೆ ಕೇಳಬೇಕಾದ್ದು 'ಬಟನ್ ಎಲ್ಲಿದೆ?' ಅಂತ ಅಲ್ಲ. 'ಒತ್ತಿದ ಮೇಲೆ ಎಷ್ಟು ಹೊತ್ತಿಗೆ ಬಿಡುತ್ತದೆ? ಇಷ್ಟು ಟನ್ ಚೈನು ಬದಿಗೆ ಎಳೆದರೆ ಹಡಗು ಎಷ್ಟು ವಾಲುತ್ತದೆ? ಲೆಕ್ಕ ತೋರಿಸಿ' ಅಂತ.

500 ಮೀಟರ್ ಒಳಗೆ

ಪ್ಲಾಟ್‌ಫಾರ್ಮ್ ಸುತ್ತ 500 ಮೀಟರ್ ಸುರಕ್ಷತಾ ವಲಯ ಇರುತ್ತದೆ. ಅದರೊಳಗೆ ಹೋಗುವ ಮುಂಚೆ ತುಂಬಬೇಕಾದ ಚೆಕ್‌ಲಿಸ್ಟ್ ಇದೆ: ಎರಡೂ ಎಂಜಿನ್, ಥ್ರಸ್ಟರ್, ಸ್ಟೀರಿಂಗ್ ಟೆಸ್ಟ್, ಆಟೋಪೈಲಟ್ ಆಫ್, ಹವೆ, ಯಾವ ಬದಿಯಿಂದ ಹೋಗುವುದು, ಪ್ಲಾಟ್‌ಫಾರ್ಮ್‌ನ ಅನುಮತಿ. 2009ರ ಜೂನ್ 8ರಂದು ನಾರ್ವೆಯ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಬಿಗ್ ಆರೆಂಜ್ 18 ಎಂಬ ಹಡಗು ಆಟೋಪೈಲಟ್ ಆಫ್ ಮಾಡದೆಯೇ ಒಳಗೆ ಹೋಗಿ ಪ್ಲಾಟ್‌ಫಾರ್ಮ್‌ಗೆ ಗುದ್ದಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಹಳೆಯ ಚೆಕ್‌ಲಿಸ್ಟ್‌ಗಳ ಕಟ್ಟು ತರಿಸಿ. ಹತ್ತು ದಿನದ ಹತ್ತು ಹಾಳೆ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಅಲೆಯ ಎತ್ತರ ಅಂತಿದ್ದರೆ ಒಟ್ಟಿಗೆ ಕೂತು ತುಂಬಿದ್ದು. ಅದನ್ನು ಬರೆಯಿರಿ.

ಕಂಪ್ಯೂಟರ್ ಹಿಡಿತದಲ್ಲಿ ಒಂದೇ ಜಾಗದಲ್ಲಿ ನಿಲ್ಲುವ ಡಿಪಿ ಹಡಗಾದರೆ ಇನ್ನೂ ಕೆಲಸ ಇದೆ. ಡಿಪಿ-2 ಅಂದರೆ ಓಡುವ ಯಾವುದೇ ಒಂದು ಯಂತ್ರ ಕೆಟ್ಟರೂ ಹಡಗು ಜಾಗ ಬಿಡಬಾರದು. ಯಾವುದು ಕೆಟ್ಟರೆ ಏನಾಗುತ್ತದೆ ಅಂತ ಎಫ್‌ಎಂಇಎ ಎಂಬ ದಪ್ಪ ಪುಸ್ತಕದಲ್ಲಿ ಬರೆದಿರುತ್ತದೆ, ವರ್ಷಕ್ಕೊಮ್ಮೆ ಟ್ರಯಲ್ ಮಾಡಿ ತೋರಿಸಿರುತ್ತಾರೆ. ಆದರೆ ಇವತ್ತು ಹಡಗನ್ನು ಅದೇ ಜೋಡಣೆಯಲ್ಲಿ ಓಡಿಸುತ್ತಿದ್ದಾರಾ? ಡೀಸೆಲ್ ಉಳಿಸಲು ಒಂದು ಜನರೇಟರ್ ಬಂದ್ ಮಾಡಿ, ಎರಡು ಸ್ವಿಚ್‌ಬೋರ್ಡ್ ಸೇರಿಸಿದ್ದರೆ ಪುಸ್ತಕದ ಮಾತು ಅನ್ವಯಿಸದೆ ಹೋಗಬಹುದು. ಇದು ಒಂದು ಸ್ವಿಚ್ಚಿನ ವಿಷಯ, ಸರ್ಟಿಫಿಕೇಟಿನಲ್ಲಿ ಕಾಣುವುದಿಲ್ಲ. ಬ್ರಿಜ್‌ನಲ್ಲಿ ಡಿಪಿ ಆಪರೇಟರ್ ಪಕ್ಕ ನಿಂತು ಕೇಳಿ: 'ಈಗ ಈ ಥ್ರಸ್ಟರ್ ಹೋಯಿತು ಅಂದುಕೊಳ್ಳಿ. ಹಡಗು ಪ್ಲಾಟ್‌ಫಾರ್ಮ್ ಕಡೆ ತೇಲುತ್ತದಾ, ದೂರ ತೇಲುತ್ತದಾ?' ಉತ್ತರ ತಕ್ಷಣ ಬರಬೇಕು. ಗಾಳಿಮರೆಯ ಬದಿಯಲ್ಲಿದ್ದರೆ ದೂರ, ಗಾಳಿ ಹೊಡೆಯುವ ಬದಿಯಲ್ಲಿದ್ದರೆ ಪ್ಲಾಟ್‌ಫಾರ್ಮ್ ಮೇಲೇ. ಮುಂಬೈ ಹೈನಲ್ಲಿ ಆಗಿದ್ದು ಎರಡನೆಯದು.

ಜನರ ಜೊತೆ ಕೂತು ಮಾತಾಡಿ

ವಿಶ್ರಾಂತಿಯ ಲೆಕ್ಕ ನೋಡಿ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು ಅಂತ ನಿಯಮ. ಆ ಹಾಳೆಯನ್ನು ಡೆಕ್ ಲಾಗ್ ಪಕ್ಕ ಇಟ್ಟು ಹೋಲಿಸಿ. ರಾತ್ರಿ ಎರಡಕ್ಕೆ ಸರಕು ಇಳಿಸಿದ್ದಾರೆ, ಅದೇ ಹೊತ್ತಿಗೆ ಚೀಫ್ ಆಫೀಸರ್ ಮಲಗಿದ್ದರು ಅಂತ ಹಾಳೆ ಹೇಳುತ್ತದೆ. ಹಾಗಾದರೆ ಡೆಕ್ ನೋಡಿಕೊಂಡವರು ಯಾರು?

ಮಧ್ಯಾಹ್ನದ ಊಟ ಕ್ಯಾಪ್ಟನ್ ಜೊತೆ ಮಾತ್ರ ಮಾಡಬೇಡಿ. ಮೆಸ್ಸಿಗೆ ಹೋಗಿ ಬೋಸುನ್, ಆಯಿಲರ್, ಕುಕ್ ಜೊತೆ ಕೂತು ಉಣ್ಣಿ. ನಮ್ಮ ಕಡೆಯ ಹುಡುಗ ಯಾರಾದರೂ ಇದ್ದರೆ ಊರು, ಮನೆ ಅಂತ ಮಾತು ಶುರುವಾಗುತ್ತದೆ, ಆಮೇಲೆ 'ಆ ವಿಂಚಿನ ಬ್ರೇಕ್ ಸ್ವಲ್ಪ ಜಾರ್ತದೆ ಸರ್' ಅನ್ನುವುದು ತಾನಾಗಿ ಹೊರಗೆ ಬರುತ್ತದೆ. ಯಾರು ಹೇಳಿದರು ಅಂತ ವರದಿಯಲ್ಲಿ ಯಾವತ್ತೂ ಬರೆಯಬೇಡಿ. ಹೋಗಿ ಆ ಬ್ರೇಕನ್ನು ನೀವೇ ಟೆಸ್ಟ್ ಮಾಡಿಸಿ, ನೋಡಿದ್ದನ್ನು ಬರೆಯಿರಿ. ಅವರ ಕೆಲಸ ಹೋದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಹವೆ ಕೆಟ್ಟರೆ ಏನು ಮಾಡುತ್ತೀರಿ ಅಂತಲೂ ಕೇಳಿ. ಅದೇ ತೌಕ್ತೆಗೆ ನಮ್ಮ ಕರಾವಳಿಯಲ್ಲೇ ಅಲಯನ್ಸ್ ಎಂಬ ಟಗ್ ಮಗುಚಿ ಪಡುಬಿದ್ರಿ ದಡಕ್ಕೆ ಬಂದು ಬಿತ್ತು, ಜೀವಹಾನಿಯಾಯಿತು. ಕೋರಮಂಡಲ್ ಸಪೋರ್ಟರ್ 9 ಎಂಬ ಇನ್ನೊಂದು ಕಾಪು ಹತ್ತಿರ ಬಂಡೆಗೆ ಸಿಕ್ಕಿಕೊಂಡಿತು, ಅದರಲ್ಲಿದ್ದ 9 ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಉಳಿಸಿದವು. ಎಷ್ಟು ಗಾಳಿಯ ಮುನ್ಸೂಚನೆ ಬಂದರೆ ಲಂಗರು ಎತ್ತಿ ಹೊರಡುವುದು, ಯಾವ ಬಂದರಿಗೆ, ಯಾರನ್ನೂ ಕೇಳದೆ ಹೊರಡುವ ಅಧಿಕಾರ ಕ್ಯಾಪ್ಟನ್‌ಗೆ ನಿಜವಾಗಿಯೂ ಇದೆಯಾ? ಕಾಗದದಲ್ಲಿ ಇದ್ದೇ ಇರುತ್ತದೆ. ಹಿಂದೆ ಯಾವಾಗ ಹಾಗೆ ಹೊರಟಿದ್ದರು, ಲಾಗ್‌ನಲ್ಲಿ ತೋರಿಸಲಿ.

ಬರೆಯುವುದು, ಬೆನ್ನು ಹತ್ತುವುದು

'ಮೇಂಟೆನೆನ್ಸ್ ಚೆನ್ನಾಗಿಲ್ಲ' ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. 'ಎಡಬದಿಯ ಎರಡನೇ ರಾಫ್ಟಿನ ಹಗ್ಗವನ್ನು ನೇರವಾಗಿ ಅದನ್ನು ಇಡುವ ಕಬ್ಬಿಣದ ತೊಟ್ಟಿಲಿಗೆ ಕಟ್ಟಲಾಗಿದೆ' ಅಂತ ಬರೆಯಿರಿ, ಫೋಟೋ ಹಾಕಿ. ಇಳಿಯುವ ಮುಂಚೆ ಪ್ರತಿಯೊಂದನ್ನೂ ಕ್ಯಾಪ್ಟನ್ ಮುಂದೆ ಓದಿ. ತಮಗೆ ಗೊತ್ತಿಲ್ಲದ ಯಾವ ದೋಷವನ್ನೂ ಅವರು ಮೊದಲ ಬಾರಿಗೆ ವರದಿಯಲ್ಲಿ ಓದುವ ಹಾಗೆ ಆಗಬಾರದು. ಯಾವುದು ಹಡಗು ಹೊರಡುವ ಮುಂಚೆ ಸರಿಯಾಗಬೇಕು, ಯಾವುದಕ್ಕೆ ತಿಂಗಳು ಕೊಡಬಹುದು ಅಂತ ಬಾಡಿಗೆಗೆ ತೆಗೆದುಕೊಳ್ಳುವವರು, ಹಡಗಿನವರು ಸೇರಿ ಬರೆದಿಡಲಿ, ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಇರಲಿ.

ಆಮೇಲೆ ಬೆನ್ನು ಹತ್ತಬೇಕು. ಈ ವರದಿಗಳನ್ನು ಸಾಮಾನ್ಯವಾಗಿ ಒಂದು ವರ್ಷ ಒಪ್ಪುತ್ತಾರೆ, ಆದರೆ ನೀವು ನೋಡಿದ್ದು ಒಂದು ದಿನವನ್ನು ಮಾತ್ರ. ಆರು ತಿಂಗಳಲ್ಲಿ ಕ್ಯಾಪ್ಟನ್ ಬದಲಾಗಿರುತ್ತಾರೆ, ಅರ್ಧ ಸಿಬ್ಬಂದಿ ಬದಲಾಗಿರುತ್ತಾರೆ. ಕೆಲಸ ಬದಲಾದರೆ ಮತ್ತೆ ಹಡಗು ಹತ್ತಿ ನೋಡಲೇಬೇಕು. ಸಣ್ಣ ದೋಷಗಳಿಗೆ ಹಡಗಿನವರು 'ಸರಿ ಮಾಡಿದ್ದೇವೆ' ಅಂತ ಫೋಟೋ ಕಳಿಸುತ್ತಾರೆ. ಆ ಫೈರ್ ಪಂಪಿಗೂ ಹೊಸ ಪೇಂಟ್ ಬಳಿದ ಚಂದದ ಫೋಟೋ ಬಂದಿತ್ತು. ನಾನು ಒಪ್ಪಲಿಲ್ಲ. ಸ್ಟಾರ್ಟ್ ಮಾಡುವುದರಿಂದ ಹಿಡಿದು ಎರಡೂ ಹೋಸ್‌ನಿಂದ ನೀರು ಚಿಮ್ಮುವವರೆಗೆ, ಎಲ್ಲೂ ಕಟ್ ಮಾಡದ ವಿಡಿಯೋ ಬೇಕು ಅಂದೆ. ನಾಲ್ಕು ದಿನ ಬಿಟ್ಟು ಬಂತು, ಅದರಲ್ಲಿ ನೀರು ಡೆಕ್ಕಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು.