ಹೊಸ ಲೈಸೆನ್ಸ್, ಮೊದಲ ಕಾರು: ಇನ್ಶೂರೆನ್ಸ್ ಖರ್ಚು ಇಳಿಸುವುದು ಹೇಗೆ?

ಲೈಸೆನ್ಸ್ ಕೈಗೆ ಬಂದ ಹುಡುಗ ಹುಡುಗಿಯರು ಇನ್ಶೂರೆನ್ಸ್ ಮಾಡಿಸುವಾಗ ಕೇಳುವುದು ಒಂದೇ ಪ್ರಶ್ನೆ, ಯಾವುದು ಕಡಿಮೆ? ಎಡವುವುದು ಅಲ್ಲೇ. ಖರ್ಚು ಇಳಿಸಬಹುದು, ಆದರೆ ಎಲ್ಲಿ ಇಳಿಸಬಾರದು ಅಂತ ಮೊದಲು ಗೊತ್ತಿರಬೇಕು.

ಒಂದು ಸಮಾಧಾನದ ವಿಷಯ ಇದೆ. ನಮ್ಮಲ್ಲಿ ಪ್ರೀಮಿಯಂ ಮುಖ್ಯವಾಗಿ ಓಡಿಸುವವರನ್ನಲ್ಲ, ಕಾರನ್ನು ಮತ್ತು ಅದು ನೋಂದಣಿಯಾದ ಊರನ್ನು ನೋಡಿ ಲೆಕ್ಕ ಆಗುತ್ತದೆ. ಬೆಂಗಳೂರು ಎ ವಲಯ, ಮಂಗಳೂರು ಉಡುಪಿ ಬಿ ವಲಯ, ಹಾಗಾಗಿ ನಮ್ಮ ಮಂಗಳೂರು ಕಡೆ ನೋಂದಣಿಯಾದ ಕಾರಿಗೆ ದರ ಸ್ವಲ್ಪ ಕಡಿಮೆ.

ಮೊದಲ ಹೆಜ್ಜೆ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ ಕೊಡುವ ವಿಮೆ. ಇದು ಕಡ್ಡಾಯ, ಇದರ ದರ ಸರ್ಕಾರದ್ದು. 2022ರ ಜೂನ್‌ನಲ್ಲಿ ನಿಗದಿಯಾದ ಪ್ರಕಾರ 1000 ಸಿಸಿವರೆಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಜಿಎಸ್‌ಟಿ ಬೇರೆ. ಇಲ್ಲಿ ಚೌಕಾಸಿ ನಡೆಯುವುದಿಲ್ಲ. ತುಂಬ ಹಳೆಯ ಕಾರಾದರೆ ಇಷ್ಟೇ ಸಾಕು, ಬಾಕಿ ದುಡ್ಡನ್ನು ಟಯರ್‌ಗೆ, ಬ್ರೇಕ್‌ಗೆ ಹಾಕಿ.

ನಿಮ್ಮ ಕಾರಿನ ಹಾನಿಗೂ ವಿಮೆ ಬೇಕಾದರೆ ಎರಡನೆಯದೇ ಕಷ್ಟದ ಹೆಜ್ಜೆ, ಕೊಟೇಶನ್ ಓದುವುದು. ಮೂರು ಕಂಪನಿಯ ಕೊಟೇಶನ್ ತೆಗೆದುಕೊಳ್ಳಿ, ಕೆಳಗಿನ ಒಟ್ಟು ಮೊತ್ತವನ್ನು ಸದ್ಯಕ್ಕೆ ನೋಡಬೇಡಿ. ಐಡಿವಿ ಅಂತ ಒಂದು ಸಾಲು ಇರುತ್ತದೆ, ಅದು ವಿಮೆಗೆ ಹಿಡಿದ ಕಾರಿನ ಬೆಲೆ. ಕಾರು ಕಳವಾದರೆ ಅಥವಾ ರಿಪೇರಿ ಖರ್ಚು ಈ ಮೊತ್ತದ ಶೇ. 75 ದಾಟಿದರೆ ನಿಮಗೆ ಸಿಗುವ ಪರಿಹಾರ ಇದೇ ಲೆಕ್ಕದ್ದು. ಒಬ್ಬರು 4.5 ಲಕ್ಷ ಹಾಕಿರುತ್ತಾರೆ, ಇನ್ನೊಬ್ಬರು 3.8 ಲಕ್ಷ. ಎರಡನೆಯದು ಸಾವಿರ ರೂಪಾಯಿ ಅಗ್ಗ ಕಾಣಬಹುದು, ಆದರೆ ಆ ಸಾವಿರಕ್ಕೆ ನೀವು 70,000 ಬಿಟ್ಟುಕೊಟ್ಟ ಹಾಗಾಯಿತು, ಅಲ್ವಾ? ಅದಕ್ಕೇ ಮೂವರಿಗೂ ಒಂದೇ ಐಡಿವಿ ಹೇಳಿ, ಒಂದೇ ಆಡ್-ಆನ್ (ಹೆಚ್ಚು ದುಡ್ಡು ಕೊಟ್ಟು ಸೇರಿಸುವ ಕವರ್) ಹೇಳಿ, ಆಮೇಲೆ ಹೋಲಿಸಿ. ವಾಲಂಟರಿ ಡಿಡಕ್ಟಿಬಲ್ ಎಂಬ ಸಾಲನ್ನೂ ನೋಡಿ. ಅಲ್ಲಿ 5,000 ಅಂತ ಇದ್ದರೆ ಪ್ರತಿ ಕ್ಲೇಮ್‌ನಲ್ಲೂ ಅಷ್ಟು ನಿಮ್ಮ ಜೇಬಿನಿಂದ ಹೋಗುತ್ತದೆ. ಹೊಸ ಡ್ರೈವರ್ ಇದನ್ನು ಸೊನ್ನೆ ಮಾಡಿಸಬೇಕು, ಮೊದಲ ವರ್ಷ ಗೇಟಿಗೋ ಗೋಡೆಗೋ ತಾಗುವುದು ಸಾಮಾನ್ಯ.

ಶೋರೂಮ್‌ನಲ್ಲಿ ಕೊಡುವ ಪಾಲಿಸಿಯನ್ನೇ ತೆಗೆದುಕೊಳ್ಳಬೇಕು ಅಂತ ಕಾನೂನಿಲ್ಲ. ಹೊರಗಿನ ಕೊಟೇಶನ್ ತೋರಿಸಿ, ಎಷ್ಟೋ ಸಲ ಅಲ್ಲೇ ಇಳಿಸುತ್ತಾರೆ.

ಸೆಕೆಂಡ್ ಹ್ಯಾಂಡ್ ಕಾರಾದರೆ ಆರ್‌ಸಿ ಹೆಸರು ಬದಲಾದರೆ ಸಾಲದು, 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಾರಿನ ಜೊತೆ ಬರುವುದಿಲ್ಲ, ಅದು ಅವರದ್ದು. "ಸುಮ್ನೆ ಶೇ. 50 ಬರೆದುಬಿಡುವ, ಯಾರು ನೋಡ್ತಾರೆ" ಅನ್ನುವ ಏಜೆಂಟ್ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಕ್ಲೇಮ್ ಹೊತ್ತಿಗೆ ಹಳೆ ಕಂಪನಿಗೆ ಒಂದು ಮೇಲ್ ಹಾಕಿದರೆ ಸಿಕ್ಕಿಬೀಳುತ್ತೀರಿ.

ಆಡ್-ಆನ್ ಪಟ್ಟಿಯಲ್ಲಿ ಕೀ ಬದಲಿ, ಸಾಮಾನು ಕಳವು ಎಲ್ಲ ಬಿಡಿ. ಎಂಜಿನ್ ಪ್ರೊಟೆಕ್ಟ್ ಮಾತ್ರ ಬಿಡಬೇಡಿ ಮಾರಾಯ್ರೆ. ಜೋರು ಮಳೆ ಬಂದರೆ ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆ ನೀರು ನಿಲ್ಲುವುದು ಗೊತ್ತೇ ಇದೆ. ನೀರಲ್ಲಿ ಬಂದ್ ಬಿದ್ದ ಕಾರನ್ನು ಗಾಬರಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಸಿಲಿಂಡರ್ ಒಳಗೆ ಹೋಗಿ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಆ ಖರ್ಚನ್ನು ಮಾಮೂಲಿ ಪಾಲಿಸಿ ಕೊಡುವುದಿಲ್ಲ. ಈ ಕವರ್ ಇದ್ದರೂ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಕಾರು ಐದು ವರ್ಷದೊಳಗಿನದಾದರೆ ಝೀರೋ ಡೆಪ್ ಕೂಡ ಇರಲಿ, ಇದಿದ್ದರೆ ಭಾಗಗಳು ಹಳತಾದವು ಅಂತ ಪರಿಹಾರದಲ್ಲಿ ಕಡಿತ ಮಾಡುವುದಿಲ್ಲ. ಅದಿಲ್ಲದಿದ್ದರೆ ಬಂಪರ್‌ನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆಯೇ ಸಿಗುವುದು.

15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನಿಮಗೆ ಈಗಾಗಲೇ ಇದ್ದರೆ ಪಾಲಿಸಿಯಲ್ಲಿ ಮತ್ತೆ ಕಟ್ಟಬೇಕಿಲ್ಲ. ಕೇಳಿ ತೆಗೆಸಿ.

ಕೊನೆಗೆ, ಸಣ್ಣ ಗೀರಿಗೆ ಕ್ಲೇಮ್ ಹಾಕಬೇಡಿ. 3,000ದ ಕೆಲಸಕ್ಕೆ ಕಡ್ಡಾಯ ಕಡಿತವೇ 1,000 ಹೋಗುತ್ತದೆ, ಮೇಲಿಂದ ಮುಂದಿನ ವರ್ಷದ ಶೇ. 20 ಬೋನಸ್ ಕೂಡ. ಒಂದೂ ಕ್ಲೇಮ್ ಇಲ್ಲದೆ ಐದು ವರ್ಷ ಓಡಿಸಿದರೆ ಅದು ಶೇ. 50 ಆಗುತ್ತದೆ. ಆದರೆ ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಅಷ್ಟೂ ಹೋಗುತ್ತದೆ, ಹಾಗಾಗಿ ಮುಗಿಯುವ ತಾರೀಕನ್ನು ಇವತ್ತೇ ಫೋನ್‌ನಲ್ಲಿ ರಿಮೈಂಡರ್ ಹಾಕಿಡಿ.