ಶಿರಾ ಬಯಲಿನಲ್ಲಿ ತೋಟದ ಮನೆ: ನಾನು ತಾರಸಿಯಿಂದ ಶುರು ಮಾಡಿದೆ

ಶಿರಾ ಕಡೆ ನಮ್ಮ ಹೊಲದಲ್ಲಿ ಮನೆ ಕಟ್ಟುತ್ತೇನೆ ಅಂದಾಗ ಸ್ನೇಹಿತರು ಕಳಿಸಿದ ಫೋಟೋಗಳೆಲ್ಲ ಒಂದೇ ಥರ. ಮುಂದೆ ಆಳೆತ್ತರದ ಗಾಜು, ಮೇಲೆ ಶೀಟು, ಪಕ್ಕದಲ್ಲಿ ಹಸಿರು ಲಾನ್. ನೋಡೋಕೆ ಚೆಂದ. ಆದರೆ ಏಪ್ರಿಲ್ ಮಧ್ಯಾಹ್ನ ಆ ಗಾಜಿನ ಹಿಂದೆ ಕೂರೋರು ಯಾರು? ಲಾನ್‌ಗೆ ನೀರು ಎಲ್ಲಿಂದ ತರೋದು?

ನಾನು ನಕ್ಷೆ ಶುರು ಮಾಡಿದ್ದು ತಾರಸಿಯಿಂದ. ನಮ್ಮ ಕಡೆ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟ ಗೂಟಕ್ಕೆ ನೆರಳೇ ಇರುವುದಿಲ್ಲ. ಅಂದರೆ ಬೇಸಿಗೆಯ ಬಿಸಿಲನ್ನು ತಿನ್ನುವುದು ಗೋಡೆಗಿಂತ ಜಾಸ್ತಿ ತಾರಸಿ. ಬರೀ ಆರ್‌ಸಿಸಿ ಆದರೆ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ನಮ್ಮ ಮೇಲೆ ಬಿಡುತ್ತದೆ.

ಹಿಂದಿನವರು ಇದಕ್ಕೆ ಮಾಳಿಗೆ ಮನೆ ಕಟ್ಟುತ್ತಿದ್ದರು. ತೊಲೆ, ಜಂತೆ, ಅದರ ಮೇಲೆ ದಪ್ಪಗೆ ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು ಮಣ್ಣು. ಉಪ್ಪಿನಂಶ ಇರುವ ಈ ಮಣ್ಣು ನೀರು ಬಿದ್ದರೆ ಬಿಗಿಯಾಗುತ್ತದೆ, ಒಳಗೆ ಇಳಿಸುವುದಿಲ್ಲ. ಒಳಗೆ ತಂಪೋ ತಂಪು. ಆದರೆ ಮಳೆಗಾಲಕ್ಕೆ ಮುಂಚೆ ಮತ್ತೆ ಮಣ್ಣು ಹೊತ್ತು ಹಾಕಬೇಕು. ಆ ಕೆಲಸಕ್ಕೆ ಈಗ ಜನ ಸಿಗಲ್ಲ, ಮರವಂತೂ ಕೇಳಲೇಬೇಡಿ.

ಹಾಗಾಗಿ ಫಿಲ್ಲರ್ ಸ್ಲ್ಯಾಬ್ ಹಾಕಿಸಿದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಬಳಕೆಗೆ ತಂದರು. ಸ್ಲ್ಯಾಬಿನ ಕೆಳಭಾಗದಲ್ಲಿ ಭಾರ ಎಳೆದು ಹಿಡಿಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟ್ ಬಹುಪಾಲು ಸುಮ್ನೆ ತೂಕ. ಆ ಜಾಗದಲ್ಲಿ ಎರಡೆರಡು ಮಂಗಳೂರು ಹೆಂಚು ಒಂದಕ್ಕೊಂದು ಕವುಚಿ ಇಟ್ಟರೆ ನಡುವೆ ಗಾಳಿ ಉಳಿಯುತ್ತದೆ. ಬಿಸಿ ಇಳಿಯುವುದು ನಿಧಾನ, ಸಿಮೆಂಟೂ ಉಳಿತಾಯ. ನಮ್ಮ ಮೇಸ್ತ್ರಿ, "ಸಾರ್, ಹೆಂಚು ಹಾಕಿ ಮೋಲ್ಡ್ ಹಾಕಿದ್ರೆ ನಾಳೆ ಜನ ನನ್ನ ಹೆಸರು ಹೇಳಿ ಬೈತಾರೆ" ಅಂದರು. ಹೆಂಚುಗಳ ನಡುವೆ ಎಷ್ಟು ಜಾಗ, ಎಲ್ಲಿ ಕಬ್ಬಿಣ ಅನ್ನೋದನ್ನು ಎಂಜಿನಿಯರ್ ಬಂದು ಬರೆದುಕೊಟ್ಟ ಮೇಲೇ ಅವರು ಒಪ್ಪಿದ್ದು. ಒಪ್ಪದೆ ನಿಂತಿದ್ದೇ ಸರಿ. ಇದು ಅಂದಾಜಿನಲ್ಲಿ ಮಾಡುವ ಕೆಲಸವಲ್ಲ. ಮೇಲೆ ಇಟ್ಟಿಗೆ ಪುಡಿ, ಸುಣ್ಣ ಬೆರೆಸಿದ ಸುರ್ಕಿ ಗಾರೆ, ಅದರ ಮೇಲೆ ಒಡೆದ ಬಿಳಿ ಟೈಲ್ಸ್ ಚೂರು. ಬಿಳಿ ಬಣ್ಣ ಬಿಸಿಲನ್ನು ಎದುರಿಗೇ ವಾಪಸ್ ಕಳಿಸುತ್ತದೆ.

ಹಳೆ ಮನೆಗಳಿಂದ ಬೆಳಕಿಂಡಿಯನ್ನೂ ತೆಗೆದುಕೊಂಡೆ. ಪಡಸಾಲೆಯ ನಡುವೆ ತಾರಸಿಗಿಂತ ಮೂರಡಿ ಎತ್ತರಿಸಿ, ಮೇಲೆ ಮುಚ್ಚಿ, ನಾಲ್ಕೂ ಕಡೆ ಜಾಲರಿ ಬಿಟ್ಟಿದ್ದೇನೆ. ಮೇಲೇರಿದ ಬಿಸಿಗಾಳಿ ಅಲ್ಲಿಂದ ಹೋಗುತ್ತದೆ.

ಗೋಡೆಗಳ ಲೆಕ್ಕ ಸುಲಭ. ಮನೆಯ ಉದ್ದ ಮೂಡಣ ಪಡುವಣಕ್ಕೆ. ಕಿಟಕಿಗಳೆಲ್ಲ ತೆಂಕಣ, ಬಡಗಣದಲ್ಲಿ, ಅವಕ್ಕೆ ಎರಡಡಿ ಸಜ್ಜಾ ಸಾಕು. ತಲೆನೋವು ಪಡುವಣದ್ದು. ಸಂಜೆ ಬಿಸಿಲು ಓರೆಯಾಗಿ ಬರುವುದರಿಂದ ಎಷ್ಟು ಉದ್ದ ಸಜ್ಜಾ ಹಾಕಿದರೂ ತಡೆಯಲ್ಲ. ಪೂರ್ತಿ ಗೋಡೆ ಕಟ್ಟಿಬಿಡೋಣ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬರುವುದೂ ಆ ಕಡೆಯಿಂದಲೇ. ಕೊನೆಗೆ ಅಲ್ಲೊಂದು ಜಗಲಿ ಮಾಡಿ, ಅದಕ್ಕೆ ಸಂದು ಬಿಟ್ಟು ಇಟ್ಟಿಗೆಯ ಜಾಲಿ ಕಟ್ಟಿಸಿದೆ. ಉಗ್ರಾಣ, ಬಚ್ಚಲು ಆ ಪಕ್ಕಕ್ಕೇ ಬಂದವು. ಆಚೆ ಸಾಲಾಗಿ ಹೊಂಗೆ. ಹೊಂಗೆ ಎಲೆ ಉದುರಿಸಿದರೂ ಯುಗಾದಿ ಹೊತ್ತಿಗೆ ಮತ್ತೆ ಚಿಗುರಿ ನೆರಳು ಕೊಡುತ್ತದೆ, ಅಂದರೆ ಸರಿಯಾಗಿ ಬೇಕಾದಾಗ.

ವಾಸ್ತು ವಿಷಯಕ್ಕೆ ನೆಂಟರು ಹೇಳಿದ್ದು ಬಹಳ. ಅಡುಗೆಮನೆ ಆಗ್ನೇಯಕ್ಕೆ ಇಟ್ಟು ಉಳಿದದ್ದಕ್ಕೆ ಸುಮ್ಮನಿದ್ದೆ.

ಜಾಗ ಆರಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಕಡಲೇಕಾಯಿ ಬೆಳೆಯೋ ಮಣ್ಣಿನ ಮೇಲೆ ಪಾಯ ಹಾಕಬೇಡಪ್ಪ." ಹೊಲದ ಮೇಲ್ತುದಿಯಲ್ಲಿ ಬಂಡೆ ಪಕ್ಕ ಗರಸು ನೆಲ ಪಾಳು ಬಿದ್ದಿತ್ತು. ಅಲ್ಲೇ ಕಟ್ಟಿದೆ. ನೀರು ನಿಲ್ಲಲ್ಲ, ಪಾಯಕ್ಕೆ ಆಳವೂ ಬೇಕಾಗಲಿಲ್ಲ. ಇಟ್ಟಿಗೆಗೆ ಕೃಷಿ ಹೊಂಡ ತೋಡಿದ ಕೆಂಪು ಮಣ್ಣೇ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ (ASTRA) ಕೇಂದ್ರ 1974ರಿಂದ ಇಂಥ ಹಳ್ಳಿ ತಂತ್ರಜ್ಞಾನಗಳ ಮೇಲೆ ಕೆಲಸ ಮಾಡಿದೆ. ಒತ್ತಿದ ಮಣ್ಣಿನ ಇಟ್ಟಿಗೆ ನಮ್ಮಲ್ಲಿ ಹರಡಲು ಅವರೇ ಮುಖ್ಯ ಕಾರಣ. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ 7ರಿಂದ 8 ಪಾಲು ಸಿಮೆಂಟ್ ಬೆರೆಸಿ ಮೆಷಿನ್‌ನಲ್ಲಿ ಒತ್ತಿದೆವು. ಗೂಡಿಗೆ ಹಾಕಿ ಸುಡುವುದಿಲ್ಲ, ನೆರಳಲ್ಲಿ ಪೇರಿಸಿ ನೀರು ಚಿಮುಕಿಸುತ್ತಾ ಬಂದರೆ ಗಟ್ಟಿಯಾಗುತ್ತದೆ. ನಿಮ್ಮದು ಎರೆ ಭೂಮಿಯಾದರೆ ಇದಕ್ಕೆ ಕೈ ಹಾಕಬೇಡಿ, ಒಣಗಿದಾಗ ಬಿರುಕು ಬಿಡುತ್ತದೆ. ಗೆದ್ದಲು ಮತ್ತು ಮಳೆ ಸಿಡಿತ ತಪ್ಪಿಸಲು ನೆಲದಿಂದ ಎರಡೂವರೆ ಅಡಿವರೆಗೆ ಸೈಜ್ ಕಲ್ಲು.

ತಾರಸಿಗೆ ಇನ್ನೊಂದು ಕೆಲಸವೂ ಇದೆ. ನಮ್ಮ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ ಇದೆ, ಕುಡಿಯಲು ಮಳೆನೀರೇ ವಾಸಿ. 100 ಚದರ ಮೀಟರ್ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ಲೆಕ್ಕ, ಅದರಲ್ಲಿ ಸ್ವಲ್ಪ ಹಾಳಾಗುತ್ತದೆ ಅಂತಿಟ್ಟುಕೊಳ್ಳಿ. ಮೊದಲ ಮಳೆಯ ಕೊಳೆ ನೀರನ್ನು ವಾಲ್ವ್ ತಿರುಗಿಸಿ ಗಿಡಗಳಿಗೆ ಬಿಡುತ್ತೇವೆ, ಆಮೇಲಿನದು ಸೋಸಿಕೊಂಡು ನೆಲದಡಿಯ ಸಂಪ್ ತೊಟ್ಟಿಗೆ. ಅಮ್ಮ ಅದೇ ತಾರಸಿಯಲ್ಲಿ ಹಪ್ಪಳ, ಹುಣಸೆಹಣ್ಣು ಒಣಗಿಸುತ್ತಾರೆ. ಮೋಡ ಕಂಡ ಕೂಡಲೇ ಅದನ್ನೆಲ್ಲ ಎತ್ತಿ ತಾರಸಿ ಗುಡಿಸುವ ಕೆಲಸ ಮಾತ್ರ ನನ್ನದು.