ಹಳೇ ಟಿವಿ ಗೇಮ್ ತಗೊಳ್ಳಾಕ ಹೊಂಟವ್ರ ಸ್ವಲ್ಪ ನೋಡ್ರಿ

ಹೋದ ತಿಂಗಳ ಖಡೇಬಜಾರದ ಕಡೆ ಸುತ್ತಾಡಕೋತ ಒಂದ್ ಹಳೇ ಗೇಮಿನ ಅಂಗಡಿ ಹೊಕ್ಕಿದ್ದೆ, ಗಾಜಿನ ಕಪಾಟಿನಾಗ ಸಣ್ಣವ್ರಿದ್ದಾಗ ಆಡಿದ್ದ ಹಳದಿ ಕ್ಯಾಸೆಟ್ ಕಂಡಕೂಡ್ಲೆ ಕೈ ತಡೀಲಿಲ್ಲ, ಚೌಕಾಸಿನೂ ಮಾಡ್ಲಿಲ್ಲ, ಜೊತಿಗೆ ಗೇಮಿನಾಗ ಬಾತುಕೋಳಿ ಹೊಡಿಯೋ ಒಂದ್ ಆಟದ ಗನ್ನೂ ತಗೊಂಡು ಮನಿಗೆ ಬಂದೆ. ಎಲ್‌ಇಡಿ ಟಿವಿಗೆ ಹಚ್ಚಿದ್ರ ಬಾತುಕೋಳಿ ಒಂದೂ ಬೀಳವಲ್ದು! ಗನ್ ಕೆಟ್ಟಿಲ್ರಿ, ಅದು ಹಿಂದಿನ ಡಬ್ಬಾ ಟಿವಿಗೆ ಅಷ್ಟ ನಡಿತೈತಿ, ಟ್ರಿಗರ್ ಒತ್ತಿದಾಗ ಪರದೆ ಮ್ಯಾಲೆ ಮೂಡೋ ಬೆಳಕು ನೋಡಿ ಗುರಿ ಹಿಡಿತೈತಿ, ಎಲ್‌ಇಡಿಯೊಳಗ ಆ ಬೆಳಕು ತಡಾ ಬರ್ತೈತಿ. ಡಬ್ಬಾ ಟಿವಿ ಗುಜರಿಗೆ ಹಾಕಿದ್ರ ಗನ್ ಮುಟ್ಟಬ್ಯಾಡ್ರಿ.

ಕ್ಯಾಸೆಟ್‌ದ ಪಿನ್ನೂ ನೋಡ್ರಿ. ನಮ್ಮ ಕಡೆ ಆಡಿದ್ದ ಟಿವಿ ಗೇಮ್ ಹೆಚ್ಚಾಗಿ 1983ರಾಗ ಜಪಾನಿನ ನಿಂಟೆಂಡೊ ಕಂಪನಿ ತಂದ ಫ್ಯಾಮಿಕಾಮ್ ಅನ್ನೋ ಗೇಮ್ ಮಶಿನ್‌ದ ನಕಲು, ಅದಕ್ಕ 60 ಪಿನ್, ಅದ ಕಂಪನಿ ಅಮೆರಿಕದಾಗ ಮಾರಿದ ಎನ್‌ಇಎಸ್ ಮಶಿನ್‌ದ ಕ್ಯಾಸೆಟ್‌ಗೆ 72, ಅದು ಇದ್ರಾಗ ಕೂಡೂದಿಲ್ಲ. "9999 ಇನ್ 1" ಅಂತ ಬರ್ದಿದ್ದು ನಂಬಬ್ಯಾಡ್ರಿ, ಅದ ಅದ ಗೇಮ್ ತಿರುಗಿ ತಿರುಗಿ ಬರ್ತಾವ. ಮತ್ತ ಹಳೇ ಚಟದಂಗ ಬಾಯಿಂದ ಊದಬ್ಯಾಡ್ರಿ, ಉಗುಳಿನ ತ್ಯಾವಕ್ಕ ಪಿನ್ ಕೆಡ್ತಾವ, ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರಸ್ರಿ.

ಸೇವ್ ಆಗೋ ಕ್ಯಾಸೆಟ್ ಇದ್ರ ಅಲ್ಲೇ ಸೇವ್ ಮಾಡಿ, ಬಂದ್ ಮಾಡಿ, ಮತ್ತ ಚಾಲೂ ಮಾಡಿ ನೋಡ್ರಿ, ಭಾಳ ಕ್ಯಾಸೆಟ್‌ನ್ಯಾಗ ಸೇವ್ ಹಿಡಿಯೋದು ಒಳಗಿನ ಸಣ್ಣ ಬ್ಯಾಟರಿ. "ಕಾಕಾ, ಟಿವಿಗೆ ಹಚ್ಚಿ ತೋರಸ್ರಿ" ಅನ್ನಾಕ ನಾಚಬ್ಯಾಡ್ರಿ, ನಾ ಎರಡನೇ ಸಲ ಕೇಳಿದಾಗ ಅಂಗಡಿ ಕಾಕಾ ತಾವ ಅರ್ಧಾ ತಾಸು ಆಡಕೋತ ಕುಂತಿದ್ರು, ನನ್ ಕೈಗೆ ಕಂಟ್ರೋಲರ್ ಸಿಗ್ಲೇ ಇಲ್ಲ.